ಹತ್ತು ಸೆಂಟಿಮೀಟರ್ ಅಂಬಾಸಿಡರ್: ಮಾವನ ಟ್ಯಾಕ್ಸಿಯನ್ನು ಮರಳಿ ಕಟ್ಟಿದ ಅನುಭವ

ನನ್ನ ಸೋದರಮಾವ ತೊಂಬತ್ತರ ದಶಕದ ನಡುವಿನಿಂದ ಸುಮಾರು ಎರಡು ದಶಕಗಳ ಕಾಲ ತುಮಕೂರಿನ ಬಸ್ ನಿಲ್ದಾಣದ ಬಳಿ ಬಿಳಿಯ ಅಂಬಾಸಿಡರ್ ಟ್ಯಾಕ್ಸಿ ನಿಲ್ಲಿಸಿಕೊಂಡು ಸಂಸಾರ ಸಾಗಿಸಿದವರು. ದೇವರಾಯನದುರ್ಗಕ್ಕೆ, ಗೊರವನಹಳ್ಳಿಗೆ, ಶಿವಗಂಗೆಗೆ ಅವರು ಕರೆದೊಯ್ದ ಹರಕೆಯ ಕುಟುಂಬಗಳಿಗೂ ಮದುವೆ ದಿಬ್ಬಣಗಳಿಗೂ ಲೆಕ್ಕವಿಲ್ಲ. ಅವರಿಗೆ ಎಪ್ಪತ್ತು ತುಂಬುವ ಸಂದರ್ಭಕ್ಕೆ ಆ ಕಾರಿನ ಡೈ-ಕಾಸ್ಟ್ ಮಾದರಿಯೊಂದನ್ನು ಅದೇ ಬಣ್ಣ, ಅದೇ ನಂಬರ್, ಅದೇ ಕ್ಯಾರಿಯರ್ ಸಹಿತ ಸಿದ್ಧಪಡಿಸಿ ಕೊಡಬೇಕೆಂದು ನಾನು ಸಂಕ್ರಾಂತಿಯ ಹೊತ್ತಿಗೆ ನಿಶ್ಚಯಿಸಿದೆ. ಕೆಲಸ ಮುಗಿದದ್ದು ದೀಪಾವಳಿಗೆ. ಈ ನಡುವೆ ನಾನು ಅಲೆದ ಕಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲೇ ಯಾರಾದರೂ ತಿಳಿಸಿದ್ದರೆ ತಪ್ಪುತ್ತಿತ್ತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಡೈ-ಕಾಸ್ಟ್ ಎಂದರೆ ಕರಗಿಸಿದ ಸತುವಿನ ಮಿಶ್ರಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿಸಿ ಎರಕ ಹೊಯ್ದ ಮಾದರಿ. ಕಾರಿನ ಮೈ ಲೋಹದ್ದಾದರೂ ಬಂಪರ್, ಗ್ರಿಲ್, ಸೀಟು, ಸ್ಟೇರಿಂಗ್, ಗಾಜುಗಳೆಲ್ಲ ಪ್ಲಾಸ್ಟಿಕ್ಕಿನವು. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ರಾಸಾಯನಿಕಗಳಲ್ಲಿ ಬಹುಪಾಲು ಲೋಹಕ್ಕೆ ಸಾಧುವಾಗಿದ್ದು ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತವೆ.

ಇಂಥ ಉಡುಗೊರೆ ಮಾಡಿಸಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಮಾದರಿಯನ್ನು ಮತ್ತು ಬಣ್ಣವನ್ನು. ನನ್ನ ಅಭಿಪ್ರಾಯದಲ್ಲಿ ಮೊದಲು ಹುಡುಕಬೇಕಾದುದು ನಿಜವಾದ ಕಾರಿನ ಕಾಗದಪತ್ರಗಳನ್ನು. ಬಿಳಿ ಅಂಬಾಸಿಡರ್‌ಗಳು ಆ ಕಾಲದಲ್ಲಿ ಊರಿಗೆ ಹತ್ತರಂತೆ ಇದ್ದವು. ಮಾವ ಕೈಗೆತ್ತಿಕೊಂಡ ಕೂಡಲೇ ಇದು ತನ್ನದೇ ಎಂದು ಗುರುತಿಸಬೇಕಾದರೆ ಉಳಿದ ಒಂಬತ್ತಕ್ಕೂ ಇದಕ್ಕೂ ಇದ್ದ ಭೇದವೇನೆಂಬುದು ನನಗೆ ಗೊತ್ತಿರಬೇಕಿತ್ತು. ಅವರನ್ನೇ ಕೇಳುವಂತಿರಲಿಲ್ಲ. ಅತ್ತೆಯನ್ನು ಗುಟ್ಟಿನಲ್ಲಿ ಒಳಗೆ ಸೇರಿಸಿಕೊಂಡೆ. ಕಾರು ಮಾರಿಹೋಗಿ ವರ್ಷಗಳಾಗಿದ್ದರೂ ಆರ್.ಸಿ. ಪುಸ್ತಕದ ಜೆರಾಕ್ಸ್, ಹಳೆಯ ವಿಮೆಯ ರಸೀದಿ, ಪರ್ಮಿಟ್ಟಿನ ಪ್ರತಿ ಇವೆಲ್ಲ ಬೀರುವಿನ ಕೆಳಗಿನ ಖಾನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದ್ದವು. ಟ್ಯಾಕ್ಸಿ ಓಡಿಸಿದವರು ಕಾಗದ ಎಸೆಯುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅವುಗಳಿಂದ ಕೆಎ-06ರ ಪೂರ್ತಿ ನಂಬರ್, ತಯಾರಾದ ವರ್ಷ, ಇಂಧನ ಡೀಸೆಲ್, ಬಣ್ಣ ಬಿಳಿ ಎಂಬಷ್ಟು ಖಚಿತವಾಯಿತು. ಉಳಿದದ್ದನ್ನೆಲ್ಲ ಫೋಟೊಗಳು ಹೇಳಬೇಕಿತ್ತು.

ಫೋಟೊಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಫಿಲ್ಮಿನ ಕಾಲದ ಪ್ರಿಂಟುಗಳು ಹಳದಿಗೋ ಕೆಂಪಿಗೋ ತಿರುಗಿರುತ್ತವೆಯಾದ್ದರಿಂದ ಬಣ್ಣ ತಿಳಿಯಲು ಅವನ್ನು ನಂಬಬಾರದು. ಆಕಾರ ಮತ್ತು ಜೋಡಣೆ ತಿಳಿಯಲು ಮಾತ್ರ ನಂಬಬೇಕು. ಅಕ್ಕನ ಮದುವೆಯ ಆಲ್ಬಮ್ಮಿನಲ್ಲಿ ಕಾರು ಹೂವಿನ ಅಲಂಕಾರದಲ್ಲಿ ಮುಚ್ಚಿಹೋಗಿತ್ತು. ಆಯುಧಪೂಜೆಯಂದು ತೆಗೆದ ಫೋಟೊಗಳೇ ಬಹಳ ಉಪಯೋಗಕ್ಕೆ ಬಂದವು, ಏಕೆಂದರೆ ಅಂದು ಕಾರನ್ನು ತೊಳೆದು ಬಯಲಿನಲ್ಲಿ ನಿಲ್ಲಿಸಿ ಮುಂದಿನಿಂದಲೂ ಓರೆಯಿಂದಲೂ ತೆಗೆದಿರುತ್ತಾರೆ. ಕ್ಯಾರಿಯರ್‌ಗೆ ಎಷ್ಟು ಅಡ್ಡಪಟ್ಟಿ, ಮುಂದಿನ ಗಾಜಿನ ಮೇಲೆ ‘ಶ್ರೀ ಮಹಾಲಕ್ಷ್ಮೀ ಪ್ರಸನ್ನ’ ಎಂಬ ಬರಹ ಎಷ್ಟು ಉದ್ದ, ಹಿಂದಿನ ಕಿಟಕಿಗಳ ಪರದೆ ಯಾವ ಬಣ್ಣ, ಬಂಪರಿನ ಮೇಲೆ ಹೆಚ್ಚುವರಿ ದೀಪಗಳು ಎಲ್ಲಿ ಎಂಬುದೆಲ್ಲ ಸಿಕ್ಕಿತು. ಹಿಂದಿನ ಎಡ ಮಡ್‌ಗಾರ್ಡಿನಲ್ಲಿ ಒಂದು ನೆಗ್ಗೂ ಕಾಣುತ್ತಿತ್ತು. ಅದನ್ನು ಮಾದರಿಯಲ್ಲಿ ತೋರಿಸಬೇಕೇ ಎಂದು ಅತ್ತೆಯನ್ನು ಕೇಳಿದಾಗ ಅವರು ಖಡಾಖಂಡಿತವಾಗಿ ಬೇಡವೆಂದರು. ಕಾರಿನ ಪೆಟ್ಟನ್ನು ಅದರ ಯಜಮಾನ ತಾನಾಗಿ ಹೆಮ್ಮೆಯಿಂದ ಹೇಳಿಕೊಳ್ಳುವವನಾದರೆ ಮಾತ್ರ ಉಡುಗೊರೆಯಲ್ಲಿ ಅದಕ್ಕೆ ಜಾಗವಿರಬೇಕು ಎಂದು ನನಗೂ ಅನಿಸಿತು.

ಇನ್ನು ಮಾದರಿಯ ಆಯ್ಕೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ವಿನ್ಯಾಸವನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಹೊರಬರುತ್ತಲೇ ಇತ್ತು. ಒಟ್ಟು ಆಕಾರ ಹೆಚ್ಚು ಬದಲಾಗದಿದ್ದರೂ ಗ್ರಿಲ್ಲು, ಮುಂದಿನ ಸಣ್ಣ ದೀಪಗಳು, ಡ್ಯಾಶ್‌ಬೋರ್ಡು ಕಾಲಕಾಲಕ್ಕೆ ಬದಲಾದವು. ಮಾರ್ಕ್ 2ರ ಸಣ್ಣ ಚೌಕುಳಿಯ ಗ್ರಿಲ್ಲನ್ನು ತೊಂಬತ್ತರ ದಶಕದ ಕಾರಿಗೆ ಹಾಕಿಕೊಟ್ಟರೆ ಚಾಲಕನಾಗಿದ್ದವನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ಕಿನ ಎಳೆದುಬಿಡುವ ಅಂಬಾಸಿಡರ್ ಅಗ್ಗವಾದರೂ ಅದರ ಮೈರೇಖೆಗಳು ನನಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಹೊರದೇಶದ ಮಾರಾಟಗಾರರೊಬ್ಬರ ಬಳಿ ದೆಹಲಿ ಟ್ಯಾಕ್ಸಿಯ ವೇಷದಲ್ಲಿದ್ದ, ಕಪ್ಪು ಮೈಯ ಹಳದಿ ಮಾಡಿನ 1:43 ಅಳತೆಯ ಡೈ-ಕಾಸ್ಟ್ ಮಾದರಿ ಸಿಕ್ಕಿತು.

ಅಳತೆಯ ಲೆಕ್ಕವನ್ನು ಹಣ ಕೊಡುವ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ನಿಜವಾದ ಅಂಬಾಸಿಡರ್ ಸುಮಾರು 4,325 ಮಿಲಿಮೀಟರ್ ಉದ್ದವಿದೆ. ಅದನ್ನು 43ರಿಂದ ಭಾಗಿಸಿದರೆ ಹತ್ತು ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಮಕ್ಕಳ ಆಟಿಕೆ ಕಾರುಗಳ 1:64 ಅಳತೆಯಲ್ಲಿ ಅದೇ ಕಾರು ಏಳು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಹಣ ಉಳಿಸಲು ಚಿಕ್ಕ ಅಳತೆಗೆ ಹೋದವರು ನಂಬರ್ ಪ್ಲೇಟಿನ ಹಂತಕ್ಕೆ ಬಂದಾಗ ಬಹಳ ಕಷ್ಟಪಡುತ್ತಾರೆ. ಅದರ ಮಾತು ಮುಂದೆ ಬರುತ್ತದೆ. ಹಳೆಯ, ಬಳಸಿದ ಮಾದರಿಯನ್ನು ಕೊಳ್ಳುವವರು ಮೈಮೇಲೆ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಫೋಟೊವನ್ನು ಹಿಗ್ಗಿಸಿ ನೋಡಬೇಕು. ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲ್ಮಶ ಸೇರಿದ್ದರೆ ಲೋಹ ಒಳಗಿನಿಂದಲೇ ಬಿರಿಯುತ್ತ ಹೋಗುತ್ತದೆ, ಅದಕ್ಕೆ ಔಷಧವಿಲ್ಲ.

ಮಾದರಿಯ ಬೆಲೆ ಮೂರೂವರೆ ಸಾವಿರ ರೂಪಾಯಿಯ ಹತ್ತಿರ, ಸಾಗಣೆಗೆ ಎರಡು ಸಾವಿರ. ಇಷ್ಟರಲ್ಲೇ ಮುಗಿಯಿತೆಂದು ಯಾರೂ ಭಾವಿಸಬಾರದು. ಅಳತೆಗೆ ತಕ್ಕಂತೆ ಕಿರಿದುಗೊಳಿಸಿದ ಮಾದರಿಗಳು ಆಮದು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆಯಲ್ಲೇ ಬರುತ್ತವೆ. ಆಟಿಕೆಗಳ ಮೂಲ ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿಸಲಾಯಿತು. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆಯ ಖರ್ಚನ್ನೂ ಸೇರಿಸಿದ ಮೊತ್ತದ ಮೇಲೆ; ಅದರ ಮೇಲೆ ಆಮದಿಗೆ ಬೀಳುವ ಜಿಎಸ್‌ಟಿಯಾದ ಐಜಿಎಸ್‌ಟಿ ಬೇರೆ. ಕೊರಿಯರ್‌ನವರ ಸೇವಾ ಶುಲ್ಕವೂ ಸೇರಿ ನಾನು ಐದು ಸಾವಿರದ ಹತ್ತಿರ ಹತ್ತಿರ ಹೆಚ್ಚಿಗೆ ಕೊಟ್ಟೆ. ಬೇರೆ ಊರಿನ ಸಂಗ್ರಾಹಕರೊಬ್ಬರು ಅದೇ ಮಾದರಿಯನ್ನು ಏಳು ಸಾವಿರಕ್ಕೆ ಕೊಡುತ್ತೇನೆಂದಾಗ ದುಬಾರಿಯೆಂದು ಬಿಟ್ಟಿದ್ದೆ. ದೇಶದೊಳಗೇ ಸಿಗುವುದಾದರೆ ಬೆಲೆ ಎರಡರಷ್ಟಿದ್ದರೂ ಕೊಳ್ಳುವುದು ಲಾಭ ಎಂಬುದು ಈಗಿನ ನನ್ನ ಸಲಹೆ.

ಪಾರ್ಸೆಲ್ ದೇಶದೊಳಗೆ ಬಂದ ಮೇಲೆ ಕಾಯುವಿಕೆ ಆರಂಭವಾಯಿತು. ಕೊರಿಯರ್ ಸಂಸ್ಥೆ ನನ್ನ ಆಧಾರ್, ಪಾನ್, ಮಾರಾಟಗಾರರ ಇನ್‌ವಾಯ್ಸ್ ಮತ್ತು ಹಣ ಪಾವತಿಸಿದ ದಾಖಲೆ ಕೇಳಿತು. ನಮ್ಮ ಕಡೆಯವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು ಮಾತ್ರ ಇವೆ; ಪಾನ್ ಕಾರ್ಡಿನಲ್ಲಿ ಆ ಇನಿಷಿಯಲ್‌ಗಳು ಪೂರ್ತಿ ಬಿಡಿಸಿಕೊಂಡು ಊರಿನ ಹೆಸರೇ ಮೊದಲ ಹೆಸರಾಗಿ ನಿಂತಿದೆ; ಪಾರ್ಸೆಲ್ಲಿನ ಮೇಲೆ ಇವೆರಡೂ ಇಲ್ಲದೆ ಬರಿಯ ಹೆಸರಿತ್ತು. ಮೂವರೂ ಒಬ್ಬರೇ ಎಂದು ಸಾಬೀತುಪಡಿಸುವ ಪತ್ರವನ್ನು ಬರೆದು, ಸಹಿ ಮಾಡಿ, ಸ್ಕ್ಯಾನ್ ಮಾಡಿ ಕಳುಹಿಸಿದ ಮೇಲೆ ಒಂದು ವಾರ ಯಾವ ಸುದ್ದಿಯೂ ಇರಲಿಲ್ಲ. ಆರ್ಡರ್ ಮಾಡುವಾಗಲೇ ಹೆಸರನ್ನು ಪಾನ್ ಕಾರ್ಡಿನಲ್ಲಿ ಇದ್ದಂತೆಯೇ ಅಕ್ಷರಶಃ ನಮೂದಿಸಿದರೆ ಈ ತಾಪತ್ರಯ ಬರುವುದಿಲ್ಲ.

ಅದು ಬಗೆಹರಿಯುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು. ಇನ್‌ವಾಯ್ಸಿನಲ್ಲಿ ಮಾರಾಟಗಾರರು ‘ಟಾಯ್ ಕಾರ್’ ಎಂದು ಬರೆದುಬಿಟ್ಟಿದ್ದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಕಡ್ಡಾಯವಾಗಿರುವುದರಿಂದ, ಇದು ಮಕ್ಕಳ ಆಟಿಕೆಯೇ ಅಲ್ಲವೇ ಎಂಬ ವಿವರಣೆ ಕೇಳಲಾಯಿತು. ಪೆಟ್ಟಿಗೆಯ ಮೇಲೆ ಹದಿನಾಲ್ಕು ವರ್ಷ ಮೇಲ್ಪಟ್ಟ ಸಂಗ್ರಾಹಕರಿಗೆ ಎಂದು ಮುದ್ರಿಸಿದ್ದ ಭಾಗದ ಚಿತ್ರವನ್ನು ಮಾರಾಟಗಾರರಿಂದ ತರಿಸಿ, ಒಂದೇ ಒಂದು ಮಾದರಿಯನ್ನು ವೈಯಕ್ತಿಕ ಬಳಕೆಗೆ ತರಿಸುತ್ತಿದ್ದೇನೆಂಬ ಪತ್ರದೊಡನೆ ಕಳುಹಿಸಿದೆ. ಒಂದು ಸಣ್ಣ ಕಾರಿಗಾಗಿ ಇಷ್ಟೊಂದು ಕಾಗದ ಬರೆಯುತ್ತಿದ್ದೇನಲ್ಲ ಎಂಬ ಬೇಸರದ ಜೊತೆಗೆ, ಮಾವ ಪರ್ಮಿಟ್ ನವೀಕರಣಕ್ಕೆಂದು ಪ್ರತಿ ಸಲ ಹೊತ್ತೊಯ್ಯುತ್ತಿದ್ದ ಕಾಗದದ ಕಟ್ಟಿನ ನೆನಪೂ ಆಯಿತು. ಕಾರು ಮನೆಗೆ ಬಂದಾಗ ಬೇಸಿಗೆ ಮುಗಿಯುತ್ತ ಬಂದಿತ್ತು.

ಬಿಚ್ಚುವ ಕೆಲಸ ನಿರೀಕ್ಷೆಗಿಂತ ಸುಲಭವಾಗಿತ್ತು. ಅಗ್ಗದ ಆಟಿಕೆ ಕಾರುಗಳ ತಳವನ್ನು ರಿವೆಟ್‌ಗಳಿಂದ ಬಿಗಿದಿರುತ್ತಾರಾದ್ದರಿಂದ ಅವುಗಳನ್ನು ಡ್ರಿಲ್ಲಿನಿಂದ ಕೊರೆಯಬೇಕಾಗುತ್ತದೆ. ಸಂಗ್ರಾಹಕರ ಮಾದರಿಗಳಲ್ಲಿ ಸಾಮಾನ್ಯವಾಗಿ ಸಣ್ಣ ಸ್ಟಾರ್ ಸ್ಕ್ರೂಗಳಿರುತ್ತವೆ. ಮೊಬೈಲ್ ರಿಪೇರಿಯವರು ಬಳಸುವ ಸ್ಕ್ರೂಡ್ರೈವರ್ ಸೆಟ್ ಸಾಕಾಯಿತು. ಪ್ರತಿ ಹಂತದಲ್ಲೂ ಫೋಟೊ ತೆಗೆದುಕೊಂಡು, ಬಿಚ್ಚಿದ ಭಾಗಗಳನ್ನು ಮಾತ್ರೆಯ ಡಬ್ಬಿಯ ಬೇರೆ ಬೇರೆ ಖಾನೆಗಳಲ್ಲಿ ಹಾಕಿಟ್ಟೆ. ಹೆಡ್‌ಲೈಟಿನ ಪುಟ್ಟ ಮಸೂರಗಳು ಒಳಗಿನಿಂದ ಅಂಟಿಕೊಂಡಿರುತ್ತವೆ, ಹಿಂದಿನಿಂದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಒತ್ತಿದರೆ ಹೊರಬರುತ್ತವೆ. ಹೊರಗಿನಿಂದ ಕೀಳಲು ಹೋದರೆ ಹಾರಿಹೋಗಿ ಮತ್ತೆ ಸಿಗುವುದಿಲ್ಲ.

ಹಳೆಯ ಬಣ್ಣ ತೆಗೆಯುವ ವಿಷಯದಲ್ಲಿ ಹಲವರು ಹಲವು ಉಪಾಯ ಹೇಳುತ್ತಾರೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುವ ಉಪಾಯವನ್ನು ಮಾತ್ರ ಯಾರೂ ಅನುಸರಿಸಬಾರದು, ಏಕೆಂದರೆ ಅದು ಬಣ್ಣದ ಜೊತೆಗೆ ಸತುವನ್ನೂ ತಿನ್ನುತ್ತದೆ, ಮೇಲಾಗಿ ಜಲಜನಕ ಅನಿಲವನ್ನು ಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ನಿಮಿಷಗಳಲ್ಲಿ ಬಣ್ಣವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ಅದರಲ್ಲಿ ಮೆಥಿಲೀನ್ ಕ್ಲೋರೈಡ್ ಇದ್ದರೆ ಅದು ಸಾಮಾನ್ಯ ಕೈಗವಸನ್ನು ಬೇಗನೆ ದಾಟುತ್ತದೆ, ಅದರ ಆವಿಯೂ ಅಪಾಯಕಾರಿ. ನಾನು ಮಹಡಿಯ ಮೇಲೆ ಬಯಲಿನಲ್ಲಿ ಕುಳಿತು, ಕಾರನ್ನು ಕೈಯಲ್ಲಿ ಹಿಡಿಯದೆ ತಂತಿಗೆ ತೂಗುಹಾಕಿ, ಹಳೆಯ ಬ್ರಷ್ಷಿನಿಂದ ಹಚ್ಚಿದೆ. ಕಪ್ಪು ಹೋಯಿತು, ಹಳದಿ ಹೋಯಿತು, ಕೆಳಗಿನ ಬೂದು ಲೋಹ ಹೊರಬಂತು. ಮಾಡಿನ ಮೇಲಿದ್ದ ಟ್ಯಾಕ್ಸಿ ಫಲಕವನ್ನು ಕಿತ್ತ ಜಾಗದಲ್ಲಿ ಉಳಿದ ಎರಡು ತೂತುಗಳನ್ನು ಎಂ-ಸೀಲ್‌ನಿಂದ ಮುಚ್ಚಿ, ಒಣಗಿದ ಮೇಲೆ ನೀರು ಕಾಗದದಿಂದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಉಜ್ಜಿ ಮಟ್ಟಮಾಡಿದೆ.

ಬಣ್ಣ ಯಾವುದು ಎಂಬ ಪ್ರಶ್ನೆ ಈಗ ಎದುರಾಯಿತು. ಆರ್.ಸಿ.ಯಲ್ಲಿ ಬಿಳಿ ಎಂದಿದ್ದರೂ ಮಾವನ ಕಾರು ಅಚ್ಚ ಬಿಳಿಯಾಗಿರಲಿಲ್ಲ ಎಂಬುದು ಮನೆಯವರಿಗೆಲ್ಲ ನೆನಪಿತ್ತು. ಗುಬ್ಬಿ ಗೇಟಿನ ಕಡೆ ಗ್ಯಾರೇಜ್ ಇಟ್ಟುಕೊಂಡಿದ್ದ, ಆ ಕಾರಿಗೆ ಎರಡನೆಯ ಸಲ ಪೂರ್ತಿ ಬಣ್ಣ ಹೊಡೆದಿದ್ದ ಪೇಂಟರ್ ಈಗಲೂ ಇದ್ದಾರೆಂದು ಅತ್ತೆ ಹೇಳಿದ್ದರು. ವಯಸ್ಸಾಗಿದೆ, ಗನ್ ಹಿಡಿಯುವುದನ್ನು ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಅಂಗೈಯಲ್ಲಿ ಹಿಡಿಯುವ ಕಾರಿಗೆ ಬಣ್ಣ ಬೇಕೆಂದಾಗ ಮೊದಲು ನಕ್ಕರು. ಯಾರ ಕಾರು ಎಂದು ಹೇಳಿದ ಮೇಲೆ ಎದ್ದು ಹೋಗಿ ಬಿಳಿಯ ಡಬ್ಬಿ ತೆಗೆದು, ಅದಕ್ಕೆ ಕಡ್ಡಿಯ ತುದಿಯಿಂದ ಹಳದಿಯನ್ನೂ ಅದಕ್ಕಿಂತ ಕಡಿಮೆ ಕಪ್ಪನ್ನೂ ಬಿಟ್ಟು ಕಲಸಿ, ತಗಡಿನ ಚೂರಿನ ಮೇಲೆ ಹಚ್ಚಿ ಬಿಸಿಲಿಗೆ ಹಿಡಿದು ತೋರಿಸಿದರು. ಅಷ್ಟು ವರ್ಷದ ಹಿಂದಿನ ಮಿಶ್ರಣ ಅವರ ಕೈಗೆ ನೆನಪಿತ್ತು. ನಾನು ಅದಕ್ಕೆ ಇನ್ನಷ್ಟು ಬಿಳಿ ಸೇರಿಸಿಸಿಕೊಂಡೆ. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ದೊಡ್ಡದರ ಮೇಲಿದ್ದುದಕ್ಕಿಂತ ಗಾಢವಾಗಿ ಕಾಣುತ್ತದೆಂಬ ಕಾರಣಕ್ಕೆ ಮಾದರಿ ಕಟ್ಟುವವರು ಬಣ್ಣವನ್ನು ತುಸು ತಿಳಿಗೊಳಿಸುತ್ತಾರೆ. ಈ ವಾದ ಪೇಂಟರಿಗೆ ಸ್ವಲ್ಪವೂ ರುಚಿಸಲಿಲ್ಲ. ಬಣ್ಣದ ಹಣವನ್ನು ತೆಗೆದುಕೊಳ್ಳಲೂ ಅವರು ಒಪ್ಪಲಿಲ್ಲ.

ಅವರ ಗ್ಯಾರೇಜಿನ ಸ್ಪ್ರೇ ಗನ್ನಿನಲ್ಲೇ ಹೊಡೆಸಬಹುದೆಂಬ ಆಸೆ ಇತ್ತು. ಅದು ಬಾಗಿಲು, ಬಾನೆಟ್‌ಗಳಿಗಾಗಿ ಇರುವ ಯಂತ್ರ. ಈ ಅಳತೆಯ ಮೈಮೇಲೆ ಒಂದು ಸಲ ಬಿಟ್ಟರೆ ಬಾಗಿಲಿನ ಗೆರೆಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ಬೇಕಾದದ್ದು 0.3 ಮಿಲಿಮೀಟರ್ ಮೂತಿಯ ಏರ್‌ಬ್ರಷ್. ನಮ್ಮ ಪರಿಚಯದಲ್ಲಿ ಅದನ್ನು ಚೆನ್ನಾಗಿ ಬಲ್ಲವರೆಂದರೆ ಗಣೇಶನ ವಿಗ್ರಹಗಳಿಗೆ ಬಣ್ಣ ಕಟ್ಟುವ ಕಲಾವಿದರೊಬ್ಬರು. ಆಷಾಢದಲ್ಲಿ ಹೋಗಿ ಕೇಳಿದೆ. ಹಬ್ಬ ಮುಗಿಯುವ ತನಕ ಬೇರೆ ಯಾವ ಕೆಲಸವನ್ನೂ ಮುಟ್ಟುವುದಿಲ್ಲವೆಂದು ವಿನಯದಿಂದಲೇ ಹೇಳಿದರು. ಸಾಲಾಗಿ ಕುಳಿತ ವಿಗ್ರಹಗಳ ನಡುವೆ ನಿಂತು ಒತ್ತಾಯಿಸುವ ಧೈರ್ಯ ನನಗೂ ಇರಲಿಲ್ಲ. ಉಡುಗೊರೆಯ ದಿನ ಗೊತ್ತಾಗಿರುವವರು ತಮ್ಮ ಊರಿನ ಕುಶಲಕರ್ಮಿಗಳ ಹಬ್ಬದ ಪಂಚಾಂಗವನ್ನೂ ನೋಡಿಕೊಳ್ಳಬೇಕು.

ಆ ಬಿಡುವಿನಲ್ಲಿ ಕ್ಯಾರಿಯರ್ ಮಾಡಿಸಿದೆ. ನಿಜವಾದ ಕ್ಯಾರಿಯರಿನ ಕೊಳವೆ ಇಪ್ಪತ್ತೈದು ಮಿಲಿಮೀಟರ್ ದಪ್ಪವೆಂದು ಹಿಡಿದರೆ ಮಾದರಿಗೆ 0.6 ಮಿಲಿಮೀಟರ್ ಹಿತ್ತಾಳೆ ತಂತಿ ಸರಿಹೊಂದುತ್ತದೆ. ತಂತಿಯನ್ನು ಕತ್ತರಿಸಿ ಬಗ್ಗಿಸುವುದು ಕಷ್ಟವಲ್ಲ, ಬೆಸೆಯುವುದು ಕಷ್ಟ. ರೇಡಿಯೊ ರಿಪೇರಿಯ ಬೆಸುಗೆ ಕಡ್ಡಿಯಿಂದ ಒಂದು ಕೀಲನ್ನು ಬೆಸೆಯುವಾಗ ಪಕ್ಕದ ಕೀಲು ಬಿಟ್ಟುಕೊಳ್ಳುತ್ತಿತ್ತು. ಚಿಕ್ಕಪೇಟೆಯ ಅಕ್ಕಸಾಲಿಗರೊಬ್ಬರ ಬಳಿ ಒಯ್ದೆ. ವರಮಹಾಲಕ್ಷ್ಮಿ ಹಬ್ಬದ ಬೆಳ್ಳಿಯ ಕೆಲಸ ಮುಗಿಸಿ ಅವರು ಅದನ್ನು ಕೈಗೆತ್ತಿಕೊಂಡರು. ಕ್ಯಾರಿಯರಿನ ನಕ್ಷೆಯನ್ನು ಮರದ ಹಲಗೆಗೆ ಅಂಟಿಸಿ, ತಂತಿಗಳನ್ನು ಗುಂಡುಸೂಜಿಗಳಿಂದ ಕೂರಿಸಿ, ಊದುಗೊಳವೆಯಿಂದ ಒಂದೊಂದೇ ಕೀಲಿಗೆ ಜ್ವಾಲೆ ತಾಗಿಸಿ ಅವರು ಬೆಸೆದ ಬಗೆಯನ್ನು ನಾನು ಎದುರಿಗೆ ಕುಳಿತು ನೋಡಿದೆ. ಆರು ನೂರು ರೂಪಾಯಿ ಕೂಲಿ. ಇಡೀ ಕಾರಿನಲ್ಲಿ ಅತ್ಯಂತ ಚೆನ್ನಾಗಿ ಬಂದ ಭಾಗ ಅದೇ ಎಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ನಂಬರ್ ಪ್ಲೇಟು ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿತು. ಕಾರುಗಳ ಉದ್ದನೆಯ ಪ್ಲೇಟಿನ ಅಳತೆ 500 ಗುಣಿಸು 120 ಮಿಲಿಮೀಟರ್. ಮಾದರಿಯಲ್ಲಿ ಅದು ಹೆಚ್ಚುಕಡಿಮೆ 11.6 ಗುಣಿಸು 2.8 ಆಗುತ್ತದೆ. ನಿಯಮದ ಪ್ರಕಾರ ಅಕ್ಷರದ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10. ಕಿರಿದಾದ ಮೇಲೆ ಎತ್ತರ ಒಂದೂವರೆ ಮಿಲಿಮೀಟರ್, ಗೆರೆ ಕಾಲು ಮಿಲಿಮೀಟರಿಗೂ ಕಡಿಮೆ. ಇಂಚಿಗೆ 300 ಚುಕ್ಕೆಯ (300 ಡಿಪಿಐ) ಪ್ರಿಂಟಿನಲ್ಲಿ ಅಷ್ಟು ಜಾಗಕ್ಕೆ ಮೂರು ಚುಕ್ಕೆಯೂ ಹಿಡಿಸುವುದಿಲ್ಲವಾದ್ದರಿಂದ ಅಂಕಿಗಳು ಕಲಸಿಹೋಗುತ್ತವೆ. ಕನಿಷ್ಠ 600 ಡಿಪಿಐ ಬೇಕೇ ಬೇಕು. ನೀರಿನಲ್ಲಿ ನೆನೆಸಿ ಜಾರಿಸುವ ಡೆಕಾಲ್ ಹಾಳೆಯನ್ನು ಹವ್ಯಾಸಿಗಳ ಸಾಮಾನಿನ ಅಂಗಡಿಯಿಂದ ತರಿಸಿಕೊಂಡು ಊರಿನ ಹಲವು ಪ್ರಿಂಟಿಂಗ್ ಅಂಗಡಿಗಳಿಗೆ ಹೋದೆ. ಲೇಸರ್ ಯಂತ್ರದ ಬಿಸಿ ರೋಲರಿಗೆ ಹಾಳೆ ಕರಗಿ ಅಂಟಿಕೊಂಡರೆ ನಷ್ಟ ತುಂಬುವವರು ಯಾರು ಎಂದು ಎಲ್ಲರೂ ಕೇಳಿದರು. ಅವರ ಅಂಜಿಕೆ ಸಕಾರಣವಾದದ್ದೇ: ಇಂಕ್‌ಜೆಟ್‌ಗೆ ಮಾಡಿದ ಹಾಳೆಯನ್ನು ಲೇಸರಿಗೆ ಹಾಕಿದರೆ ಹಾಗೆಯೇ ಆಗುತ್ತದೆ. ಪೊಟ್ಟಣದ ಮೇಲೆ ಲೇಸರ್ ಎಂದು ನಮೂದಾಗಿರುವುದನ್ನು ತೋರಿಸಿದ ಮೇಲೆ ಒಬ್ಬ ಯುವಕ, ಅದೂ ತನ್ನ ಹಳೆಯ ಯಂತ್ರದಲ್ಲಿ, ಹಾಕಲು ಒಪ್ಪಿದ.

ಇನ್ನೊಂದು ಸಂಗತಿಯಿದೆ: ಸಾಮಾನ್ಯ ಪ್ರಿಂಟರುಗಳಿಗೆ ಬಿಳಿಯ ಶಾಯಿ ಇರುವುದಿಲ್ಲ, ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ಹಳದಿ ತೆಳುವಾಗಿ ಕೆಳಗಿನದನ್ನು ತೋರಿಸಿಬಿಡುತ್ತದೆ. ಟ್ಯಾಕ್ಸಿಯ ಪ್ಲೇಟು ಹಳದಿಯ ಮೇಲೆ ಕಪ್ಪು ಅಕ್ಷರ. ಆದ್ದರಿಂದ ಪ್ಲೇಟುಗಳನ್ನು ಬಿಳಿ ಹಾಳೆಯ ಮೇಲೂ, ಮುಂದಿನ ಗಾಜಿನ ಬರಹವನ್ನು ಪಾರದರ್ಶಕ ಹಾಳೆಯ ಮೇಲೂ ಬೇರೆ ಬೇರೆಯಾಗಿ ಮುದ್ರಿಸಿದೆ. ಗಾಜಿನ ಬರಹ ಫೋಟೊಗಳಲ್ಲಿ ಕೆಂಪಾಗಿದ್ದುದು ಅನುಕೂಲವಾಯಿತು. ಆದರೆ ಕನ್ನಡದ ಒತ್ತಕ್ಷರಗಳು ಇಷ್ಟು ಚಿಕ್ಕ ಅಳತೆಯಲ್ಲಿ ತುಂಬಿಕೊಂಡು ಬೊಟ್ಟಾಗುತ್ತವೆ. ‘ಲಕ್ಷ್ಮೀ’ ಎಂಬಲ್ಲಿ ಷಕಾರ ಮತ್ತು ಮಕಾರದ ಒತ್ತುಗಳು ಒಂದರ ಮೇಲೊಂದು ಬಿದ್ದವು. ತೆಳು ಗೆರೆಯ ಫಾಂಟ್ ಆರಿಸಿ, ಒತ್ತುಗಳನ್ನು ಬೇರೆ ಮಾಡಿ ಕೆಳಗೆ ಸರಿಸಿ, ಗಾತ್ರವನ್ನು ನಿಜಕ್ಕಿಂತ ಸ್ವಲ್ಪ ಹಿಗ್ಗಿಸಿದ ಮೇಲೆ ಓದಲು ಬಂತು. ಇಲ್ಲಿ ಅಳತೆಯ ಶುದ್ಧಿಗಿಂತ ಓದಿಗೆ ಸಿಗುವುದು ಮುಖ್ಯ.

ಗಣೇಶ ಮುಳುಗಿದ ಮೇಲೆ ಕಲಾವಿದರಿಗೆ ಬಿಡುವಾಯಿತು, ಮಳೆ ಮಾತ್ರ ಬಿಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರುಗಳೇ ಹೆಚ್ಚು ಮಳೆಯ ತಿಂಗಳುಗಳು. ತೇವದ ಗಾಳಿಯಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಥಿನ್ನರ್ ಆರುವ ತಂಪಿಗೆ ಗಾಳಿಯ ನೀರು ಮೇಲ್ಮೈಯಲ್ಲಿ ಸೇರಿ ಹಾಲಿನಂಥ ಮಬ್ಬು ಕಟ್ಟುತ್ತದೆ. ಮಧ್ಯಾಹ್ನ ಬಿಸಿಲು ಬಂದ ದಿನಗಳಲ್ಲಿ ಮಾತ್ರ ಕೆಲಸ ನಡೆಯಿತು. ಬರಿಯ ಸತುವಿಗೆ ಬಣ್ಣ ಕಚ್ಚುವುದಿಲ್ಲವಾದ್ದರಿಂದ ಮೊದಲು ಲೋಹವನ್ನು ತುಸು ಕೊರೆದು ಹಿಡಿದುಕೊಳ್ಳುವ ಎಚಿಂಗ್ ಪ್ರೈಮರ್, ಅದರ ಮೇಲೆ ಬಿಳಿ ಪ್ರೈಮರ್, ಆಮೇಲೆ ಬಣ್ಣದ ತೆಳು ಪದರಗಳು. ಬಿಳಿಯ ಸ್ವಭಾವ ಹೇಗೆಂದರೆ ಮೊದಲ ಪದರಗಳಲ್ಲಿ ಏನೂ ಮುಚ್ಚಿದಂತೆ ಕಾಣುವುದೇ ಇಲ್ಲ. ತಾಳ್ಮೆಗೆಟ್ಟು ದಪ್ಪವಾಗಿ ಹೊಡೆದರೆ ಬಾಗಿಲಿನ ಗೆರೆ ತುಂಬಿಹೋಗುತ್ತದೆ. ವಿಗ್ರಹದ ಕಣ್ಣು ಬರೆಯುವ ಕೈಗೆ ಆ ಸಂಯಮ ಸಹಜವಾಗಿಯೇ ಇತ್ತು. ಅವರ ಕೂಲಿ ಸಾವಿರದ ಇನ್ನೂರು.

ಬಣ್ಣ ಗಟ್ಟಿಯಾದ ಮೇಲೆ ಡೆಕಾಲ್‌ಗಳನ್ನು ಕೂರಿಸಿದೆ. ಉಬ್ಬು ಇರುವ ಕಡೆ ನೀರು ಬೆರೆಸಿದ ವಿನಿಗರ್ ಹಚ್ಚಿದರೆ ಹಾಳೆ ಮೆದುವಾಗಿ ಮೈಗೆ ಒರಗುತ್ತದೆ. ಅದರ ಮೇಲೆ ಕ್ಲಿಯರ್ ಕೋಟನ್ನು, ಅಂದರೆ ಬಣ್ಣವಿಲ್ಲದ ರಕ್ಷಣೆಯ ಪದರವನ್ನು, ಒಮ್ಮೆಲೇ ಒದ್ದೆಯಾಗಿ ಹೊಡೆಯಬಾರದು, ಥಿನ್ನರ್ ಅಕ್ಷರಗಳನ್ನು ಕರಗಿಸುತ್ತದೆ. ಮೊದಲ ಪದರಗಳು ಮಂಜಿನ ಹಾಗೆ ಬೀಳಬೇಕು. ಎರಡು ಘಟಕ ಬೆರೆಸುವ 2ಕೆ ಕ್ಲಿಯರ್ ಬಳಸುವವರು ಬಟ್ಟೆಯ ಮಾಸ್ಕನ್ನು ನೆಚ್ಚಿಕೊಳ್ಳಬಾರದು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಗಿಲಿನ ಗೆರೆಗಳಿಗೆ ಕಪ್ಪು ತುಂಬದೆ ತಿಳಿ ಬೂದು ತುಂಬಿದರೆ ಬಿಳಿ ಕಾರಿಗೆ ಒಪ್ಪುತ್ತದೆ. ಕಿಟಕಿಯ ಗಾಜುಗಳನ್ನು ಫೆವಿಕಾಲಿನಿಂದಲೇ ಅಂಟಿಸಬೇಕು. ಸೂಪರ್ ಗ್ಲೂ ಅದರ ಆವಿಯಿಂದ ಗಾಜಿನ ಮೇಲೆ ಬಿಳಿಯ ಪೊರೆ ಹಬ್ಬಿಸುತ್ತದೆ. ಪರದೆಗಳಿಗೆ ಅತ್ತೆಯ ಹಸಿರು ರವಿಕೆಯ ಬಟ್ಟೆಯ ಚೂರು ದಪ್ಪವಾಯಿತು, ಬಣ್ಣ ಹಚ್ಚಿದ ಟಿಶ್ಯೂ ಕಾಗದ ಸರಿಯಾಯಿತು.

ಪೀಠಕ್ಕೆ ತೆಂಗಿನ ಮರ ಆರಿಸಿದೆ. ಕಲ್ಪತರು ನಾಡಿನವರಿಗೆ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಆದರೆ ಕಾಂಡದ ಹೊರಭಾಗದ ಗಟ್ಟಿ ಮರವನ್ನೇ ಬಡಗಿಯಿಂದ ಕೇಳಿ ಪಡೆಯಬೇಕು. ಒಳತಿರುಳು ನಾರುನಾರಾಗಿ ಸ್ಕ್ರೂ ಹಿಡಿಯುವುದಿಲ್ಲ. ಅಕ್ರಿಲಿಕ್ ಪೆಟ್ಟಿಗೆಯನ್ನು ಪಾರಿತೋಷಕ, ನಾಮಫಲಕ ಮಾಡುವ ಅಂಗಡಿಯಲ್ಲಿ ಮಾಡಿಸಿದೆ. ಅದರ ಅಂಚುಗಳನ್ನು ಬೆಸೆಯುವ ದ್ರಾವಕದ ಆವಿ ಪೆಟ್ಟಿಗೆಯೊಳಗೆ ಉಳಿದಿರುತ್ತದೆ. ಹೊಸ ಬಣ್ಣದ ಕಾರನ್ನು ಕೂಡಲೇ ಅದರೊಳಗೆ ಮುಚ್ಚದೆ ಎರಡನ್ನೂ ಹಲವು ದಿನ ಗಾಳಿಗೆ ಬಿಡಬೇಕು. ಪೆಟ್ಟಿಗೆ, ಪೀಠ ಸೇರಿ ಸಾವಿರದ ನಾನೂರು. ಪ್ರೈಮರ್, ಡೆಕಾಲ್ ಹಾಳೆ, ಸಣ್ಣಪುಟ್ಟದ್ದೆಲ್ಲ ಸೇರಿಸಿದರೆ ಒಟ್ಟು ಖರ್ಚು ಹದಿನೈದು ಸಾವಿರವನ್ನು ದಾಟಿತು. ಅದರಲ್ಲಿ ಮೂರನೆಯ ಎರಡು ಭಾಗ ಕಾರು ಮನೆ ಮುಟ್ಟುವುದಕ್ಕೇ ಹೋಗಿತ್ತು. ತುಮಕೂರಿನಲ್ಲಿ ಕೈಕೆಲಸಕ್ಕೆ ಕೊಟ್ಟದ್ದು ತೀರ ಕಡಿಮೆ ಎಂಬುದನ್ನು ಮುಜುಗರದಿಂದಲೇ ಹೇಳುತ್ತೇನೆ.

ಕೊರಟಗೆರೆ ಕಡೆಯ ಅವರ ಹಳ್ಳಿಗೆ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದೆ. ಮಾವ ಕನ್ನಡಕ ಹಾಕಿಕೊಂಡು ಮೊದಲು ನಂಬರ್ ಓದಿದರು, ಆಮೇಲೆ ಗಾಜಿನ ಬರಹ. ಕ್ಯಾರಿಯರಿನ ಅಡ್ಡಪಟ್ಟಿಗಳನ್ನು ಬೆರಳಿನಿಂದ ಪೆಟ್ಟಿಗೆಯ ಹೊರಗಿನಿಂದಲೇ ಎಣಿಸಿದರು. ಬಣ್ಣ ಯಾರು ಕಲಸಿಕೊಟ್ಟದ್ದೆಂದು ಕೇಳಿ, ಹೆಸರು ಹೇಳಿದಾಗ, ‘ಅವನಿನ್ನೂ ನನಗೆ ಬಾನೆಟ್ ಪಾಲಿಷ್ ಬಾಕಿ ಉಳಿಸಿಕೊಂಡಿದ್ದಾನೆ’ ಎಂದರು. ಆ ಸಂಜೆಯೇ ಪೇಂಟರಿಗೆ ಫೋನ್ ಹೋಯಿತು, ಬಹಳ ಹೊತ್ತು ಮಾತಾಯಿತು. ಹಿಂದಿನ ಮಡ್‌ಗಾರ್ಡಿನ ನೆಗ್ಗು ಏಕಿಲ್ಲ ಎಂದೂ ಕೇಳಿದರು; ಅತ್ತೆ ಒಳಗಿನಿಂದಲೇ ಅದಕ್ಕೆ ಉತ್ತರ ಕೊಟ್ಟರು.

ಪೆಟ್ಟಿಗೆಯನ್ನು ಪಡುವಣ ಕಿಟಕಿಯ ಬಿಸಿಲು ಬೀಳುವ ಶೋಕೇಸಿನ ಮೇಲೆ ಇಟ್ಟಿದ್ದನ್ನು ಒಳಗೋಡೆಯ ಕಡೆಗೆ ಸರಿಸಿದೆ, ಬಿಸಿಲಿಗೆ ಬಿಳಿ ಬಣ್ಣ ಬೇಗ ಹಳದಿಯಾಗುತ್ತದೆ. ಧೂಳನ್ನು ಒಣಗಿದ ಮೆದು ಬ್ರಷ್ಷಿನಿಂದ ತೆಗೆಯಬೇಕು, ಒದ್ದೆ ಬಟ್ಟೆ ಬೇಡ ಎಂದು ತಿಳಿಸಿದೆ. ಪೆಟ್ಟಿಗೆಯನ್ನು ಅಂಟಿನಿಂದ ಮುಚ್ಚದೆ ತಳದಿಂದ ನಾಲ್ಕು ಸ್ಕ್ರೂ ಹಾಕಿಸಿದ್ದೇನೆ, ಮುಂದೆ ಏನಾದರೂ ಬಿಟ್ಟುಕೊಂಡರೆ ಸರಿಪಡಿಸಲು ಬೇಕಲ್ಲ. ಅಷ್ಟರಲ್ಲಿ ಮೊಮ್ಮಗ ಅದನ್ನು ನೆಲದ ಮೇಲೆ ಓಡಿಸಿ ನೋಡೋಣವೆಂದು ಹಟ ಹಿಡಿದಿದ್ದ, ಮಾವನೂ ಅವನ ಪರವಾಗಿಯೇ ಇದ್ದಂತೆ ಕಂಡಿತು. ಸ್ಕ್ರೂಡ್ರೈವರನ್ನು ಅತ್ತೆಯ ಕೈಗೆ ಕೊಟ್ಟು ಬಂದಿದ್ದೇನೆ.